ಆಲಿವ್ ತೋಟದ ದಾರಿಯಲ್ಲಿ ಅಜ್ಜನ ಸ್ಕೂಟರು

ಸ್ಪೇನ್ ದೇಶದ ಈಶಾನ್ಯ ಭಾಗದಲ್ಲಿ, ಆರಗಾನ್ ಪ್ರಾಂತಕ್ಕೆ ಸೇರಿದ ತೆರುಯೆಲ್ ಜಿಲ್ಲೆಯ ಅಂಚಿನಲ್ಲಿ ಮತರ್ರಾನ್ಯಾ ಎಂಬ ಚಿಕ್ಕ ಸೀಮೆಯೊಂದಿದೆ. ಅದೇ ಹೆಸರಿನ ಹೊಳೆ ಅಲ್ಲಿನ ಬೆಟ್ಟಗಳಿಂದ ಇಳಿದು, ಉತ್ತರಕ್ಕೆ ಹರಿದು ಎಬ್ರೋ ನದಿಯನ್ನು ಸೇರುತ್ತದೆ. ಸೀಮೆಯಲ್ಲಿ ಇರುವುದು 18 ಊರುಗಳು. ಎಲ್ಲವನ್ನೂ ಕೂಡಿಸಿದರೂ ಜನಸಂಖ್ಯೆ ಎಂಟು ಸಾವಿರದ ಆಸುಪಾಸು. ಗುಡ್ಡದ ನೆತ್ತಿಗೆ ಅಂಟಿಕೊಂಡ ಕಲ್ಲಿನ ಮನೆಗಳು, ನಡುವೆ ಎತ್ತರಕ್ಕೆ ಎದ್ದ ಇಗರ್ಜಿಯ ಗೋಪುರ, ಸುತ್ತ ಆಲಿವ್, ಬಾದಾಮಿ, ಪೀಚ್ ತೋಟಗಳು. ತೆರುಯೆಲ್ ಜಿಲ್ಲೆಯಲ್ಲಿ ಚದರ ಕಿಲೋಮೀಟರಿಗೆ ವಾಸಿಸುವವರು ಸುಮಾರು 9 ಮಂದಿ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಅಷ್ಟೇ ನೆಲದ ಮೇಲೆ ಆರು ನೂರಕ್ಕೂ ಹೆಚ್ಚು ಜನರಿದ್ದಾರೆ ಎಂಬುದನ್ನು ನೆನೆದರೆ ಅಲ್ಲಿಯ ನಿರ್ಜನತೆಯ ಅಂದಾಜು ಸಿಗಬಹುದು.

ಈ ಪತ್ರಿಕೆಯ ಓದುಗರಿಗೆ ಮತರ್ರಾನ್ಯಾದ ಇನ್ನೊಂದು ಸಂಗತಿಯನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿಯ ಜನ ಮನೆಯಲ್ಲಿ ಆಡುವುದು ಕಾತಲಾನ್ ನುಡಿಯನ್ನು. ಕಚೇರಿಯ ಭಾಷೆ ಸ್ಪ್ಯಾನಿಷ್. ಕಾತಲಾನ್ ಆಳುವ ಭಾಷೆಯಾಗಿರುವ ಕಾತಲೋನಿಯಾ ಪಕ್ಕದಲ್ಲಿಯೇ ಇದೆ, ಆದರೆ ಗಡಿಯ ಆಚೆ. ಶಾಲೆಯಲ್ಲಿ ಮಕ್ಕಳಿಗೆ ಮನೆಮಾತು ಸಿಗುವುದು ಬೇಕಾದವರು ಆಯ್ದುಕೊಳ್ಳುವ ಒಂದು ಪಾಠವಾಗಿ ಮಾತ್ರ. ಆ ನುಡಿಯ ಹೆಸರೇನು ಎಂಬುದರ ಮೇಲೆಯೇ ಅಲ್ಲಿನ ಶಾಸನಸಭೆಯಲ್ಲಿ ವರ್ಷಗಟ್ಟಲೆ ಜಗ್ಗಾಟ ನಡೆದಿದೆ. ಇಂಥ ಸೀಮೆಯ ಮನೆಗಳ ಕೆಳಅಂತಸ್ತಿನಲ್ಲಿ, ಹಿಂದೆ ಹೇಸರಗತ್ತೆ ಕಟ್ಟುತ್ತಿದ್ದ ಜಾಗದಲ್ಲಿ, ಈಗಲೂ ಅಲ್ಲಲ್ಲಿ ಹಳೆಯ ಸ್ಕೂಟರೊಂದು ಗೋಡೆಗೆ ಒರಗಿ ನಿಂತಿರುತ್ತದೆ. ಅದು ಪ್ರದರ್ಶನದ ವಸ್ತುವಲ್ಲ. ಬೆಳಗಾದರೆ ಅದಕ್ಕೆ ಕೆಲಸವಿರುತ್ತದೆ.

ಸ್ಕೂಟರು ಸ್ಪೇನಿನ ಹಳ್ಳಿಗೆ ಬಂದ ಬಗೆಯನ್ನು ತಿಳಿಯಬೇಕಾದರೆ ಮೊದಲು ಇಟಲಿಗೆ ಹೋಗಬೇಕು. ಎರಡನೆಯ ಮಹಾಯುದ್ಧದಲ್ಲಿ ಬಾಂಬಿಗೆ ತುತ್ತಾದ ಪಿಯಾಜಿಯೊ ವಿಮಾನ ಕಾರ್ಖಾನೆಯಲ್ಲಿ, ಹೆಲಿಕಾಪ್ಟರಿನ ಕನಸು ಕಂಡಿದ್ದ ಕೊರಾದೀನೊ ದಾಸ್ಕಾನಿಯೊ ಎಂಬ ಇಂಜಿನಿಯರು 1946ರಲ್ಲಿ ವೆಸ್ಪಾ ಸ್ಕೂಟರನ್ನು ರೂಪಿಸಿದ. ಮೋಟಾರ್ ಸೈಕಲ್ಲು ಆತನಿಗೆ ಹಿಡಿಸುತ್ತಿರಲಿಲ್ಲವಂತೆ. ಆದ್ದರಿಂದ ಕಾಲ ನಡುವೆ ಇಂಜಿನ್ ಇಲ್ಲ, ಬಟ್ಟೆಗೆ ಗ್ರೀಸು ಹಚ್ಚುವ ಚೈನಿಲ್ಲ; ಮುಂದಿನ ಚಕ್ರವನ್ನು ವಿಮಾನದ ಚಕ್ರದಂತೆ ಒಂದೇ ಬದಿಯ ತೋಳಿನಿಂದ ಹಿಡಿಯಲಾಗಿದೆ. ಗಾಡಿಗೆ ಬೇರೆ ಚೌಕಟ್ಟೂ ಇಲ್ಲ, ಒತ್ತಿ ಮಡಿಸಿದ ಉಕ್ಕಿನ ತಗಡೇ ಮೈ, ಅದೇ ಎಲುಬು. ಪ್ಯಾಂಟು ತೊಟ್ಟವರೂ ಲಂಗ ಉಟ್ಟವರೂ ಪಾದ್ರಿಯ ನಿಲುವಂಗಿಯವರೂ ಸಮಾನವಾಗಿ ಕೂರಬಹುದಾದ ಗಾಡಿ ಅದು. ಸ್ಪೇನಿನಲ್ಲಿ ಇದನ್ನು ತಯಾರಿಸುವ ಕಾರ್ಖಾನೆ ಮ್ಯಾಡ್ರಿಡ್‌ನಲ್ಲಿ ಹುಟ್ಟಿ, 1953ರಿಂದ ಉತ್ಪಾದನೆ ಆರಂಭವಾಯಿತು. ಮರುವರ್ಷ ಬಾಸ್ಕ್ ನಾಡಿನ ಐಬಾರ್ ಪಟ್ಟಣದಲ್ಲಿ ಎದುರಾಳಿ ಲ್ಯಾಂಬ್ರೆಟ್ಟಾ ತಯಾರಾಗತೊಡಗಿತು. ಐಬಾರ್ ಹಿಂದಿನಿಂದ ಬಂದೂಕು ಮಾಡುವವರ ಊರು; ಬಳಿಕ ಅದೇ ಕೈಗಳು ಹೊಲಿಗೆ ಯಂತ್ರ, ಸೈಕಲ್ಲು, ಸ್ಕೂಟರುಗಳನ್ನು ಮಾಡಿದವು.

ಮತರ್ರಾನ್ಯಾದ ಮಟ್ಟಿಗೆ ಸ್ಕೂಟರಿನ ಆಗಮನಕ್ಕೂ ಒಂದು ದುರಂತಕ್ಕೂ ಕಾಲ ಕೂಡಿಬಂದಿತ್ತು. 1956ರ ಫೆಬ್ರವರಿಯಲ್ಲಿ ಬಿದ್ದ ಹಿಮಗಾಳಿಗೆ ಆ ಭಾಗದ ಆಲಿವ್ ಮರಗಳು ಬುಡದವರೆಗೆ ಸುಟ್ಟುಹೋದವು. ನೆಟ್ಟವನ ಮೊಮ್ಮಗ ಎಣ್ಣೆ ಕಾಣುವಷ್ಟು ನಿಧಾನವಾಗಿ ಬೆಳೆಯುವ ಮರ ಅದು. ಕಾದು ಕೂರುವ ಶಕ್ತಿಯಿಲ್ಲದ ಕುಟುಂಬಗಳು ಗಂಟುಮೂಟೆ ಕಟ್ಟಿ ಬಾರ್ಸಿಲೋನಾದ ಕಾರ್ಖಾನೆಗಳಿಗೆ ಹೋದವು. ಜನಸಾಮಾನ್ಯರ ಕಾರು ಎನಿಸಿದ ಸಿಯಾಟ್ 600 ಮಾರುಕಟ್ಟೆಗೆ ಬಂದದ್ದು 1957ರಲ್ಲಿ. ಆದರೆ ಹೊಸದಾಗಿ ಕೂಲಿಗೆ ಸೇರಿದವನಿಗೆ ಅದು ಕೈಗೆಟುಕುವ ವಸ್ತುವಾಗಿರಲಿಲ್ಲ. ಕಂತಿನಲ್ಲಿ ಕೊಂಡ ಸ್ಕೂಟರೇ ಅವನ ಪಾಲಿನ ಕಾರು. ಹೆಂಡತಿಯನ್ನು ಹಿಂದೆ, ಮಗುವನ್ನು ಮುಂದೆ ನಿಲ್ಲಿಸಿಕೊಂಡು ಆಗಸ್ಟ್ ತಿಂಗಳ ಊರಹಬ್ಬಕ್ಕೆ ಬರುವುದು ಆಗಿನ ಕಾಲದ ವೈಭವ. ಸ್ಕೂಟರಿನ ಮುಂದೆ ನಿಂತು ಗಾಳಿಗೆ ಕಣ್ಣು ಕಿರಿದು ಮಾಡಿಕೊಂಡು ಹೋದ ಬಾಲ್ಯ ನಮ್ಮ ಓದುಗರಲ್ಲೂ ಅನೇಕರಿಗಿದೆ.

ಇದರ ಗುರುತು ಇಂದಿಗೂ ನಂಬರ್ ಪ್ಲೇಟಿನಲ್ಲಿ ಉಳಿದಿದೆ. 2000ನೇ ಇಸವಿಯ ತನಕ ಸ್ಪೇನಿನ ವಾಹನಗಳ ಸಂಖ್ಯೆ ಜಿಲ್ಲೆಯ ಅಕ್ಷರದಿಂದ ಆರಂಭವಾಗುತ್ತಿತ್ತು, ತೆರುಯೆಲ್ಲಿಗೆ 'ಟಿ.ಇ.', ಬಾರ್ಸಿಲೋನಾಕ್ಕೆ 'ಬಿ.' ಎಂದು. ಆಮೇಲೆ ಬಂದ ಪದ್ಧತಿಯಲ್ಲಿ ಊರಿನ ಸುಳಿವೇ ಇಲ್ಲ. ಹೀಗಾಗಿ ತೆರುಯೆಲ್ಲಿನ ಯಾವುದೋ ಓಣಿಯಲ್ಲಿ 'ಬಿ.' ಅಕ್ಷರದ ಮುದಿ ಸ್ಕೂಟರು ಕಂಡರೆ, ಅದರ ಒಡೆಯ ಪಟ್ಟಣಕ್ಕೆ ಹೋಗಿ ದುಡಿದು ಮರಳಿದವನಿರಬೇಕೆಂದು ಓದಿಕೊಳ್ಳಬಹುದು. 'ಟಿ.ಇ.' ಇದ್ದರೆ ಹಿಮದ ಬಳಿಕವೂ ಊರು ಬಿಡದವರ ಗಾಡಿ ಇರಬಹುದು. ಕೆ.ಎಲ್. 14 ಅಥವಾ ಎಂ.ಎಚ್. 13 ಎಂಬ ಫಲಕ ಹೊತ್ತು ಮಂಗಳೂರು, ವಿಜಯಪುರಗಳ ಬೀದಿಯಲ್ಲಿ ಕನ್ನಡ ಮಾತನಾಡುವವರಿಗೆ ಈ ಬಗೆಯ ಓದು ಹೊಸದೇನಲ್ಲ.

ಆ ಸೀಮೆಯಲ್ಲಿ ಎಪ್ಪತ್ತು ದಾಟಿದ ರೈತನ ದಿನಚರಿ ಸ್ಕೂಟರನ್ನು ಬಿಟ್ಟು ನಡೆಯುವುದು ಕಷ್ಟ. ಮನೆ ಊರಿನಲ್ಲಿ, ತೋಟ ಮೂರು ಕಿಲೋಮೀಟರಿನಾಚೆ, ಇನ್ನೊಂದು ತುಂಡು ಐದು ಕಿಲೋಮೀಟರಿನಾಚೆ, ತರಕಾರಿ ಬೆಳೆಯುವ ಕಾಲುವೆ ಪಕ್ಕದ ಹಿತ್ತಿಲು ಕೆಳಗೆ ಹೊಳೆಯ ಬದಿಯಲ್ಲಿ. ಕಲ್ಲು ಹಾಸಿದ ಓಣಿಗಳು ಕಾರಿಗೆ ಇಕ್ಕಟ್ಟು, ಟ್ರ್ಯಾಕ್ಟರು ಸಣ್ಣ ಕೆಲಸಕ್ಕೆ ದುಬಾರಿ, ಕಾಲು ಮೊದಲಿನಂತಿಲ್ಲ. ಆದ್ದರಿಂದ ಗುದ್ದಲಿಯನ್ನು ಉದ್ದಕ್ಕೆ ಕಟ್ಟಿ, ಕಾಲಿಡುವ ಹಲಗೆಯ ಮೇಲೆ ಬುಟ್ಟಿಯಿಟ್ಟು ಸ್ಕೂಟರು ಹೊರಡುತ್ತದೆ. ಮರಳುವಾಗ ಅದೇ ಬುಟ್ಟಿಯಲ್ಲಿ ಟೊಮೆಟೊ, ಮೆಣಸಿನಕಾಯಿ. ಕೆಲವೊಮ್ಮೆ ಬುಟ್ಟಿಯ ಬದಲು ನಾಯಿ. ಅಡುಗೆ ಅನಿಲದ ಕಿತ್ತಳೆ ಬಣ್ಣದ ಸಿಲಿಂಡರು ಸ್ಪೇನಿನಲ್ಲಿ ಹನ್ನೆರಡೂವರೆ ಕಿಲೋ ಅನಿಲದ್ದು. ಅದನ್ನು ಸಾಗಿಸಲು ಸ್ಕೂಟರಿನ ಆ ಹಲಗೆಗಿಂತ ಹದವಾದ ಜಾಗವಿಲ್ಲ ಎಂಬುದನ್ನು ನಮ್ಮ ನಾಡಿನ ಗೃಹಸ್ಥರೂ ಒಪ್ಪುತ್ತಾರೆ.

ಋತುವಿಗೆ ತಕ್ಕಂತೆ ಹೊರೆ ಬದಲಾಗುತ್ತದೆ. ಸೆಪ್ಟೆಂಬರಿನಲ್ಲಿ ಬಾದಾಮಿ ಉದುರಿಸುವ ಕೋಲು ಮತ್ತು ಬಲೆ, ಅದರ ಬೆನ್ನಿಗೆ ಪೀಚ್ ಹಣ್ಣಿನ ಪೆಟ್ಟಿಗೆ. ನವೆಂಬರಿನಿಂದ ಜನವರಿಯ ತನಕ ಆಲಿವ್ ಸುಗ್ಗಿ. ಆ ಭಾಗದ 'ಎಂಪೆಲ್ತ್ರೆ' ಎಂಬ ತಳಿ ಮಾಗಿದಾಗ ಕಪ್ಪಗಾಗುತ್ತದೆ. ಅದರ ಎಣ್ಣೆ ಹೊಂಬಣ್ಣದ್ದು, ಸೌಮ್ಯ ರುಚಿಯದ್ದು. ಸುಗ್ಗಿಯ ಕಾಲವೆಂದರೆ ಚಳಿಯ ಕಾಲ, 'ಸಿಯೆರ್ಸೊ' ಎಂಬ ಒಣ ವಾಯವ್ಯ ಗಾಳಿಯ ಕಾಲ. ಸ್ಕೂಟರಿನ ಅಗಲವಾದ ಮುಂಭಾಗ ಎದೆಗೆ ಗಾಳಿ ತಟ್ಟದಂತೆ ಕಾಯುತ್ತದೆ ನಿಜ. ಅದೇ ಗಾಳಿ ಪಕ್ಕದಿಂದ ಬೀಸಿದರೆ ಹಾಯಿಯಂತೆ ಹಿಡಿದು ರಸ್ತೆಯಂಚಿಗೆ ದೂಡುತ್ತದೆ. ಇಂಜಿನ್ ಬಲಗಡೆಗೆ ಕೂತಿರುವುದರಿಂದ ಗಾಡಿ ಹುಟ್ಟಾ ಒಂದು ಬದಿಗೆ ಭಾರ. ಚಿಕ್ಕ ಚಕ್ರಗಳು ಸಡಿಲ ಜಲ್ಲಿಯನ್ನು ಸಹಿಸುವುದಿಲ್ಲ, ಡ್ರಮ್ ಬ್ರೇಕು ಇಳಿಜಾರಿನಲ್ಲಿ ಬಿಸಿಯಾದರೆ ಮಾತು ಕೇಳುವುದಿಲ್ಲ. ಹಳೆಯ ಗಾಡಿಯನ್ನು ಕಂಡು 'ಆಹಾ, ಎಂಥ ಕಾಲ' ಎನ್ನುವವರು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ತೋಟದ ಇಳಿಜಾರಿನಲ್ಲಿ ಅರವತ್ತು ವರ್ಷದ ಬ್ರೇಕು ಹಿಡಿಯುವವನಿಗೆ ಆ ಕಾಲ ಅಷ್ಟೊಂದು ಸೊಗಸಾಗಿ ಕಾಣುವುದಿಲ್ಲ.

ಆದರೂ ಅವನು ಅದನ್ನು ಬಿಡದಿರಲು ಕಾರಣವಿದೆ. ಅದನ್ನು ಅವನೇ ರಿಪೇರಿ ಮಾಡಬಲ್ಲ. ಎರಡು ಸ್ಟ್ರೋಕಿನ ಈ ಇಂಜಿನ್ನಿನಲ್ಲಿ ಕವಾಟಗಳ ಜಂಜಾಟವಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಬೇಕು. ಆರಂಭದ ಮಾದರಿಗಳಿಗೆ ನೂರಕ್ಕೆ ಐದು ಪಾಲು, ಅರವತ್ತರ ದಶಕದ ಸುಧಾರಿತ ಮಾದರಿಗಳಿಗೆ ಎರಡು ಪಾಲು. ಹಿಂದೆ ಪೆಟ್ರೋಲ್ ಬಂಕುಗಳಲ್ಲಿ ಈ ಮಿಶ್ರಣಕ್ಕೆಂದೇ ಬೇರೆ ಪಂಪು ಇರುತ್ತಿತ್ತು. ಈಗ ಮನೆಯಲ್ಲಿಯೇ ಅಳತೆಯ ಲೋಟದಿಂದ ಲೀಟರಿಗೆ 20 ಮಿಲಿಲೀಟರಿನಂತೆ ಬೆರೆಸಿಕೊಳ್ಳುತ್ತಾರೆ. ಹೆಚ್ಚಾದರೆ ಪ್ಲಗ್ಗಿಗೆ ಕರಿ ಹಿಡಿದು ಗಾಡಿ ನಿಲ್ಲುತ್ತದೆ. ಕಡಿಮೆಯಾದರೆ ಪಿಸ್ಟನ್ನೇ ಕಚ್ಚಿಕೊಳ್ಳುತ್ತದೆ. ಮೊದಲನೆಯದಕ್ಕೆ ಜೇಬಿನಲ್ಲಿರುವ ಇನ್ನೊಂದು ಪ್ಲಗ್ಗೇ ಮದ್ದು, ಎರಡನೆಯದು ಜೇಬಿಗೇ ಹೊಡೆತ. ಈಗಿನ ಪೆಟ್ರೋಲಿನಲ್ಲಿ ಬೆರೆತ ಎಥನಾಲು ಹಳೆಯ ರಬ್ಬರು ಸೀಲುಗಳನ್ನು ತಿನ್ನುತ್ತದೆ. ಹಾಗಾಗಿ ಬಹಳ ದಿನ ನಿಲ್ಲಿಸುವಾಗ ಪೆಟ್ರೋಲ್ ನಲ್ಲಿಯನ್ನು ಮುಚ್ಚಿ, ಕಾರ್ಬುರೇಟರ್ ಬರಿದಾಗುವ ತನಕ ಇಂಜಿನ್ ಓಡಿಸಿಡುವುದು ಬಲ್ಲವರ ಪದ್ಧತಿ. ಎಡಗೈಯ ಹಿಡಿಕೆಯನ್ನು ತಿರುಗಿಸಿ ಗೇರು ಹಾಕುವುದು, ಹಿಂದಿನ ಚಕ್ರಕ್ಕೂ ಮುಂದಿನದಕ್ಕೂ ಒಂದೇ ಸ್ಟೆಪ್ನಿ ಹೊಂದುವುದು, ಹೊರಡದಿದ್ದಾಗ ಗಾಡಿಯನ್ನು ಓರೆಮಾಡಿ ಮತ್ತೆ ಕಿಕ್ಕು ಹೊಡೆಯುವುದು: ಚೇತಕ್ ಇಟ್ಟುಕೊಂಡಿದ್ದ ಮನೆಗಳಿಗೆ ಇವೆಲ್ಲ ಗೊತ್ತಿರುವ ಸಂಗತಿಗಳೇ.

ಗೊತ್ತಿರುವುದು ಸಹಜ, ಏಕೆಂದರೆ ಎರಡೂ ಒಂದೇ ಬಳ್ಳಿಯ ಕಾಯಿಗಳು. ಬಜಾಜ್ ಸಂಸ್ಥೆ 1960ರಿಂದ ಪಿಯಾಜಿಯೊದ ಪರವಾನಗಿ ಪಡೆದು ವೆಸ್ಪಾ ತಯಾರಿಸಿತು. ಪರವಾನಗಿ ಮುಗಿದ ಮೇಲೆ 1972ರಲ್ಲಿ ಬಂದದ್ದು ಚೇತಕ್. ಲ್ಯಾಂಬ್ರೆಟ್ಟಾದ ಕಥೆ ಇನ್ನೂ ಕುತೂಹಲಕರ. ಇಟಲಿ ಅದರ ತಯಾರಿಕೆಯನ್ನು ಕೈಬಿಟ್ಟಾಗ ಅಲ್ಲಿಯ ಯಂತ್ರಗಳನ್ನು ಕೊಂಡು ತಂದದ್ದು ಭಾರತ ಸರಕಾರ. 1972ರಲ್ಲಿ ಲಖನೌದಲ್ಲಿ ಸ್ಥಾಪನೆಯಾದ ಸ್ಕೂಟರ್ಸ್ ಇಂಡಿಯಾ ಸಂಸ್ಥೆ ಅದರಿಂದಲೇ ವಿಜಯ್ ಸೂಪರ್ ತಯಾರಿಸಿತು. ಇಟಲಿಯಲ್ಲಿ ಕಣ್ಮರೆಯಾದ ಗಾಡಿ ಆ ಬಳಿಕವೂ ಐಬಾರಿನಲ್ಲಿ ಮತ್ತು ಲಖನೌದಲ್ಲಿ ಉಸಿರಾಡಿತು. ಯೂರೋಪಿನ ಹಳೆಯ ಸ್ಕೂಟರು ಪ್ರಿಯರು ಬಳಸುವ ಬಿಡಿಭಾಗಗಳಲ್ಲಿ ಭಾರತದಲ್ಲಿ ತಯಾರಾದವು ಇಂದಿಗೂ ಸಾಕಷ್ಟಿವೆ. ಮಾಲಿನ ಗುಣಮಟ್ಟದ ಬಗ್ಗೆ ಅಲ್ಲಿ ಗೊಣಗಾಟವೂ ಇದೆ; ಅಗ್ಗದ ಬೆಲೆಯ ಬಗ್ಗೆ ಇಲ್ಲ.

ಇಷ್ಟೂ ಯಂತ್ರದ ಮಾತಾಯಿತು. ಹಳೆಯ ಸ್ಕೂಟರಿನ ನಿಜವಾದ ತೊಡಕು ಇರುವುದು ಕಾಗದಪತ್ರದಲ್ಲಿ.

ಸ್ಪೇನಿನ ಕಾನೂನು 30 ವರ್ಷ ದಾಟಿದ ವಾಹನಕ್ಕೆ 'ಐತಿಹಾಸಿಕ ವಾಹನ' ಎಂಬ ಗೌರವ ಕೊಡಬಹುದು. 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದ ಹೊಸ ನಿಯಮಾವಳಿ ಈ ಗೌರವ ಪಡೆಯುವ ದಾರಿಯನ್ನು ಸುಲಭಗೊಳಿಸಿತು; ತಪಾಸಣೆಯ ಅವಧಿ ವಾಹನದ ವಯಸ್ಸು ಏರಿದಂತೆ ಸಡಿಲವಾಗುತ್ತದೆ, 60 ವರ್ಷ ದಾಟಿದರೆ ತಪಾಸಣೆಯೇ ಇಲ್ಲ. ಆದರೆ ಅದಕ್ಕೊಂದು ಷರತ್ತಿದೆ: ಅಂಥ ವಾಹನ ವರ್ಷಕ್ಕೆ 96 ದಿನಗಳಿಗಿಂತ ಹೆಚ್ಚು ರಸ್ತೆಗಿಳಿಯಬಾರದು. ಭಾನುವಾರದ ಮೆರವಣಿಗೆಗೆ ಗಾಡಿ ತೆಗೆಯುವ ಪಟ್ಟಣಿಗನಿಗೆ 96 ದಿನ ಧಾರಾಳವಾಯಿತು. ಮತರ್ರಾನ್ಯಾದ ರೈತನ ಲೆಕ್ಕ ಬೇರೆ. ನವೆಂಬರ್, ಡಿಸೆಂಬರ್, ಜನವರಿ, ಆಲಿವ್ ಸುಗ್ಗಿಯ ಮೂರು ತಿಂಗಳಿಗೇ 92 ದಿನ. ಉಳಿದ ನಾಲ್ಕು ದಿನಗಳಲ್ಲಿ ಅವನು ಬಾದಾಮಿ ಉದುರಿಸಬೇಕು, ಟೊಮೆಟೊಗೆ ನೀರು ಹಾಯಿಸಬೇಕು, ಔಷಧಿ ತರಬೇಕು, ಸಂಜೆ ಗೆಳೆಯರೊಡನೆ 'ಗಿನ್ಯೋತೆ' ಇಸ್ಪೀಟು ಆಡಲು ಹೋಗಬೇಕು. ಇತಿಹಾಸವನ್ನು ಉಳಿಸಲು ಹೊರಟ ಕಾನೂನಿಗೆ, ಇತಿಹಾಸ ಇನ್ನೂ ಮುಗಿಯದೆ ದುಡಿಯುತ್ತಿರಬಹುದೆಂಬ ಯೋಚನೆ ಬಂದಂತಿಲ್ಲ.

ನಮ್ಮ ದೇಶದ ನಿಯಮವೂ ಇದೇ ಜಾಡಿನದು. 2021ರಲ್ಲಿ ಕೇಂದ್ರ ಸರಕಾರ ಮಾಡಿದ ತಿದ್ದುಪಡಿಯಂತೆ 50 ವರ್ಷ ದಾಟಿದ, ಮೂಲ ರೂಪದಲ್ಲಿ ಉಳಿದ ವಾಹನವನ್ನು 'ವಿಂಟೇಜ್' ಎಂದು ನೋಂದಾಯಿಸಿ 'ವಿ.ಎ.' ಅಕ್ಷರವುಳ್ಳ ಫಲಕ ಪಡೆಯಬಹುದು. ಆದರೆ ಅದನ್ನು ದಿನಬಳಕೆಗೆ ಓಡಿಸುವಂತಿಲ್ಲ. ಗೌರವ ಬೇಕೇ, ಕೆಲಸ ಬೇಕೇ ಎಂದು ಎರಡೂ ದೇಶಗಳು ಒಡೆಯನನ್ನು ಕೇಳುತ್ತವೆ.

ತೋಟಕ್ಕೆ ಹೋಗುವವನು ಕೆಲಸವನ್ನೇ ಆಯ್ದುಕೊಳ್ಳುತ್ತಾನೆ. ಅಂದರೆ ಅವನ ಸ್ಕೂಟರು ದಾಖಲೆಯಲ್ಲಿ ಸಾಮಾನ್ಯ ಮೋಟಾರ್ ಸೈಕಲ್ಲಾಗಿಯೇ ಉಳಿದು, ಎರಡು ವರ್ಷಕ್ಕೊಮ್ಮೆ ತಾಂತ್ರಿಕ ತಪಾಸಣೆಗೆ ಹಾಜರಾಗಬೇಕು. ತಪಾಸಣೆಯಲ್ಲಿ ಒಂದು ನ್ಯಾಯವಿದೆ: ಗಾಡಿ ಹುಟ್ಟಿದ ಕಾಲದಲ್ಲಿ ಇಲ್ಲದಿದ್ದುದನ್ನು ಈಗ ಕೇಳುವುದಿಲ್ಲ. ಇಂಡಿಕೇಟರ್ ಇಲ್ಲದೆ ತಯಾರಾದ ಸ್ಕೂಟರಿನ ಸವಾರ ಕೈ ಚಾಚಿ ತಿರುವು ತೋರಿಸಿದರೆ ಸಾಕು. ಆದರೆ ವಾಲ್ದೆರೋಬ್ರೆಸ್ ಪಟ್ಟಣದವನು ಇದಕ್ಕಾಗಿ ಸುಮಾರು ನಲವತ್ತು ಕಿಲೋಮೀಟರಿನಾಚೆಯ ಆಲ್ಕಾನ್ಯೀಸ್‌ಗೆ ಹೋಗಬೇಕು. ಆಸ್ಪತ್ರೆಯೂ ಇರುವುದು ಅಲ್ಲಿಯೇ. ಊರಿನ ತೆರಿಗೆಯ ವಿಷಯದಲ್ಲಿ ಕಾನೂನು ಉದಾರಿ. 25 ವರ್ಷ ದಾಟಿದ ವಾಹನದ ವಾರ್ಷಿಕ ತೆರಿಗೆಯನ್ನು ಪೂರ್ತಿ ಮನ್ನಾ ಮಾಡುವ ಅಧಿಕಾರ ಆಯಾ ಊರಿನ ಪುರಸಭೆಗಿದೆ.

ಹೊಗೆಯ ಕಾನೂನು ಇನ್ನೊಂದು. 2021ರ ಹವಾಮಾನ ಕಾಯಿದೆ 50 ಸಾವಿರಕ್ಕೂ ಹೆಚ್ಚು ಜನರಿರುವ ಎಲ್ಲ ಪಟ್ಟಣಗಳೂ ಹೊಗೆ ನಿಯಂತ್ರಣ ವಲಯ ಮಾಡಬೇಕೆಂದಿತು. ತೆರುಯೆಲ್ ಜಿಲ್ಲೆಯಲ್ಲಿ ಅಷ್ಟು ದೊಡ್ಡ ಊರೇ ಇಲ್ಲ. ಜಿಲ್ಲಾ ಕೇಂದ್ರದ ಜನಸಂಖ್ಯೆಯೇ 36 ಸಾವಿರದ ಸುತ್ತ. ಆದ್ದರಿಂದ ಜಿಲ್ಲೆಯೊಳಗೆ ಮುದಿ ಸ್ಕೂಟರಿಗೆ ತಡೆಯಿಲ್ಲ. ಬಾರ್ಸಿಲೋನಾದಲ್ಲಿ ಮಾತ್ರ 2020ರಿಂದಲೇ, ಪರಿಸರ ಚೀಟಿ ಸಿಗದ ಹಳೆಯ ಇಂಜಿನ್ನುಗಳಿಗೆ ಕೆಲಸದ ದಿನಗಳಲ್ಲಿ ಹಗಲು ನಿರ್ಬಂಧವಿದೆ. ಆ ನಗರದ ಗಾಳಿ ಉಸಿರಾಡುವ ಮಕ್ಕಳ ದೃಷ್ಟಿಯಿಂದ ಈ ನಿಯಮವನ್ನು ಆಕ್ಷೇಪಿಸಲಾಗದು. ಎರಡು ಸ್ಟ್ರೋಕಿನ ನೀಲಿ ಹೊಗೆ ಯಾರಿಗೂ ಒಳ್ಳೆಯದಲ್ಲ. ಆದರೆ ಅದರ ಫಲವಾಗಿ, ಆ ನಗರದಲ್ಲಿಯೇ ಕೊಂಡ, 'ಬಿ.' ಅಕ್ಷರ ಹೊತ್ತ ಸ್ಕೂಟರನ್ನು ಮೊಮ್ಮಗ ಆ ನಗರಕ್ಕೆ ಒಯ್ದು ಓಡಿಸಲಾರ.

ಗಾಡಿಯ ಕಾಗದಕ್ಕಿಂತ ಮುಖ್ಯವಾದುದು ಸವಾರನ ಕಾಗದ. ಅಲ್ಲಿ ಚಾಲನಾ ಪರವಾನಗಿ 65ರ ವಯಸ್ಸಿನ ತನಕ ಹತ್ತು ವರ್ಷಕ್ಕೊಮ್ಮೆ, ಆನಂತರ ಐದು ವರ್ಷಕ್ಕೊಮ್ಮೆ ನವೀಕರಣವಾಗಬೇಕು. ವೈದ್ಯರಿಗೆ ಅನುಮಾನವಾದರೆ ಇನ್ನೂ ಬೇಗ. ಕಣ್ಣು, ಕಿವಿ ನೋಡಿದ ಮೇಲೆ ಪರದೆಯೊಂದರ ಮುಂದೆ ಕೂರಿಸುತ್ತಾರೆ. ಎರಡು ಕೈಗಳಲ್ಲಿ ಎರಡು ಹಿಡಿಕೆ ಹಿಡಿದು, ಪರದೆಯ ಮೇಲೆ ಓಡುವ ಎರಡು ಗುರುತುಗಳನ್ನು ಬಳುಕುವ ದಾರಿಗಳ ಒಳಗೇ ಇಟ್ಟುಕೊಳ್ಳಬೇಕು. ಹುಡುಗರಿಗೆ ಆಟದಂತೆ ಕಾಣುವ ಈ ಪರೀಕ್ಷೆ, ಬಾಳಿನಲ್ಲಿ ಅಂಥ ಆಟ ಆಡದ ಎಂಬತ್ತರ ರೈತನ ಎದೆ ನಡುಗಿಸುತ್ತದೆ. ಅನುತ್ತೀರ್ಣನಾದರೆ ಕಳೆದುಕೊಳ್ಳುವುದು ವಾಹನವನ್ನಷ್ಟೇ ಅಲ್ಲ. ಬಸ್ಸುಗಳು ಬೆರಳೆಣಿಕೆ, ಬ್ಯಾಂಕಿನ ಶಾಖೆ ಎಷ್ಟೋ ಊರುಗಳಲ್ಲಿ ಮುಚ್ಚಿದೆ, ಚಿಕ್ಕ ಊರುಗಳಿಗೆ ವೈದ್ಯರು ಬರುವುದು ಗೊತ್ತುಮಾಡಿದ ದಿನಗಳಂದು ಮಾತ್ರ. ಮಕ್ಕಳು ಪಟ್ಟಣದಲ್ಲಿದ್ದಾರೆ. ಪರವಾನಗಿ ಹೋದ ದಿನ ತೋಟ ಬೀಳುಬಿಡುವುದು ಶುರುವಾಗುತ್ತದೆ, ಮಾರನೆಯ ವರ್ಷ ಹಿತ್ತಿಲು, ಕೊನೆಗೆ ಮನೆಯ ಬಾಗಿಲು. 2019ರ ಮಾರ್ಚ್ 31ರಂದು 'ಬರಿದಾದ ಸ್ಪೇನ್'ನ ಜನ ಮ್ಯಾಡ್ರಿಡ್‌ನ ಬೀದಿಗಿಳಿದು ರೈಲು, ರಸ್ತೆ, ವೈದ್ಯರನ್ನು ಕೇಳಿದ್ದು ಇದಕ್ಕಾಗಿಯೇ. ಬಸ್ಸು ಇಲ್ಲದ ಕಡೆ ಸ್ಕೂಟರು ಹವ್ಯಾಸವಾಗುವುದಿಲ್ಲ.

ಇಲ್ಲಿ ಕಾನೂನು ತುಸು ಕರುಣೆಯನ್ನೂ ತೋರುತ್ತದೆ, ಅದನ್ನು ಹೇಳದಿದ್ದರೆ ತಪ್ಪಾದೀತು. ಯೂರೋಪಿನ ಪರವಾನಗಿಯ ಹಿಂಬದಿಯಲ್ಲಿ ಸಂಕೇತ ಸಂಖ್ಯೆಗಳನ್ನು ಮುದ್ರಿಸುತ್ತಾರೆ. 61 ಎಂದರೆ ಹಗಲಿನಲ್ಲಿ ಮಾತ್ರ ಓಡಿಸಬಹುದು. 62 ಎಂದರೆ ಮನೆಯಿಂದ ಇಷ್ಟು ಕಿಲೋಮೀಟರಿನ ಒಳಗೆ ಮಾತ್ರ. 63 ಎಂದರೆ ಹಿಂದೆ ಯಾರನ್ನೂ ಕೂರಿಸುವಂತಿಲ್ಲ. 64 ಎಂದರೆ ಇಷ್ಟೇ ವೇಗ. ಹೆದ್ದಾರಿಗೆ ಅನರ್ಹನಾದವನು ತನ್ನ ತೋಟದ ದಾರಿಗೆ ಅರ್ಹನಾಗಿಯೇ ಉಳಿಯಬಹುದು. ಪೂರ್ತಿ ಕಸಿದುಕೊಳ್ಳುವುದಕ್ಕೂ ಪೂರ್ತಿ ಬಿಟ್ಟುಬಿಡುವುದಕ್ಕೂ ನಡುವೆ ಇಂಥ ಮೆಟ್ಟಿಲುಗಳಿರುವುದು ಒಳ್ಳೆಯ ಶಾಸನದ ಲಕ್ಷಣ.

ಒಡೆಯ ತೀರಿಕೊಂಡ ಮೇಲಿನ ಕಥೆಯಲ್ಲಿ ಆರಗಾನಿಗೆ ತನ್ನದೇ ವೈಶಿಷ್ಟ್ಯವಿದೆ. ಸ್ಪೇನಿನ ಸಾಮಾನ್ಯ ಸಿವಿಲ್ ಕಾನೂನಿನ ಜೊತೆಗೆ ಆ ಪ್ರಾಂತ ತನ್ನ ಹಳೆಯ ಸ್ಥಳೀಯ ಕಾನೂನನ್ನೂ ಉಳಿಸಿಕೊಂಡಿದೆ. ಅದರಂತೆ ಗಂಡ ಅಥವಾ ಹೆಂಡತಿ ತೀರಿಕೊಂಡಾಗ, ಉಳಿದವರಿಗೆ ಸತ್ತವರ ಆಸ್ತಿಯ ಮೇಲೆ ಸಾಮಾನ್ಯವಾಗಿ ಜೀವಿತಾವಧಿಯ ಅನುಭೋಗದ ಹಕ್ಕು ಇರುತ್ತದೆ. ಮಕ್ಕಳು ಒಡೆಯರಾಗುತ್ತಾರೆ, ಬಳಕೆ ತಾಯಿಯದು. ಹೊಲ, ಮನೆ, ಮರಗಳಷ್ಟೇ ಅಲ್ಲ, ಕೆಳಅಂತಸ್ತಿನಲ್ಲಿ ನಿಂತ ಸ್ಕೂಟರೂ ಈ ಲೆಕ್ಕಕ್ಕೆ ಬರುತ್ತದೆ. ಅದನ್ನು ಮಾರಬೇಕೆಂದರೆ ಬಾರ್ಸಿಲೋನಾದ ಮಗ, ಸರಗೋಸಾದ ಮಗಳು ಮಾತ್ರ ಸಹಿ ಹಾಕಿದರೆ ಸಾಲದು. ಹಳೆಯ ವೆಸ್ಪಾಗಳಿಗೆ ಪಟ್ಟಣದ ಸಂಗ್ರಾಹಕರಲ್ಲಿ ಒಳ್ಳೆಯ ಬೆಲೆ ಬಂದಿರುವ ಈ ದಿನಗಳಲ್ಲಿ ಇದು ಸಣ್ಣ ಮಾತಲ್ಲ. ಒಮ್ಮೆ ಮಾರಿದ ಗಾಡಿ ಬಣ್ಣ ಬಳಿಸಿಕೊಂಡು ಯಾರದೋ ಅಂಗಡಿಯ ಗಾಜಿನ ಹಿಂದೆ ನಿಲ್ಲುತ್ತದೆ. 1962ರಲ್ಲಿ ಇಬ್ಬರು ಸ್ಪ್ಯಾನಿಷ್ ವಿದ್ಯಾರ್ಥಿಗಳು 79 ದಿನಗಳಲ್ಲಿ ಲೋಕ ಸುತ್ತಲು ಒಯ್ದ, ಚಿತ್ರಕಾರ ಸಾಲ್ವಡಾರ್ ದಾಲಿ ತನ್ನ ಕೈಯಿಂದ ಅಲಂಕರಿಸಿದ ವೆಸ್ಪಾ ಈಗ ಇಟಲಿಯ ವಸ್ತುಸಂಗ್ರಹಾಲಯದಲ್ಲಿದೆ. ಅದಕ್ಕೆ ಅದು ತಕ್ಕ ಜಾಗ. ಗುದ್ದಲಿ ಹೊತ್ತ ಸ್ಕೂಟರಿಗೆ ಅಲ್ಲ.

ಆಗಸ್ಟ್ ಬಂದರೆ ಈ ಊರುಗಳು ತುಂಬುತ್ತವೆ. ಪಟ್ಟಣದ ಮಕ್ಕಳು, ಮೊಮ್ಮಕ್ಕಳು ಹಬ್ಬಕ್ಕೆ ಬರುತ್ತಾರೆ. ವಾಲ್ದೆರೋಬ್ರೆಸ್ಸಿನ ಕಲ್ಲಿನ ಸೇತುವೆಯ ಮೇಲೆ ಸಂಜೆ ನಡೆಯಲು ಜಾಗವಿರುವುದಿಲ್ಲ. ಆಗ ಕೆಳಅಂತಸ್ತಿನ ಬಾಗಿಲು ತೆರೆದು, ಸ್ಕೂಟರನ್ನು ಹೊರಗೆಳೆದು, ಹಿರಿಯರು ಕಿರಿಯರಿಗೆ ಕಿಕ್ಕು ಹೊಡೆಯುವುದನ್ನು ಕಲಿಸುತ್ತಾರೆ. ಕಲಿಸುವ ಮಾತು ಕಾತಲಾನ್. ಗೇರು, ಕ್ಲಚ್ಚು, ನಲ್ಲಿಗಳ ಹೆಸರೂ ಅದೇ ನುಡಿಯಲ್ಲಿ. ಸ್ಪೇನಿನಲ್ಲಿ 15ಕ್ಕೆ ಮೊಪೆಡ್ ಪರವಾನಗಿ, 16ಕ್ಕೆ 125 ಸಿ.ಸಿ. ತನಕದ ಗಾಡಿಯ ಪರವಾನಗಿ ಪಡೆಯಬಹುದು. ಮ್ಯಾಡ್ರಿಡ್‌ನ ಅದೇ ವೆಸ್ಪಾ ಕಾರ್ಖಾನೆ 1968ರಲ್ಲಿ ತಂದ 'ವೆಸ್ಪಿನೊ' ಮೊಪೆಡ್ಡಿನಿಂದ ಆರಂಭಿಸಿ ವರ್ಷದ ಬಳಿಕ ಅಜ್ಜನ ಸ್ಕೂಟರಿಗೆ ಏರುವ ಹುಡುಗ ಹುಡುಗಿಯರು ಅಲ್ಲಿ ಇನ್ನೂ ಇದ್ದಾರೆ. ಅಜ್ಜನ ಗಾಡಿ 150 ಸಿ.ಸಿ.ಯದಾಗಿದ್ದರೆ ಮಾತ್ರ ಹದಿನೆಂಟರ ತನಕ ಕಾಯಬೇಕು. ಅಷ್ಟರವರೆಗೆ ಇಂಜಿನ್ ಹಿಡಿದುಕೊಳ್ಳದಂತೆ ವಾರಕ್ಕೊಮ್ಮೆಯಾದರೂ ಅದನ್ನು ಶುರುಮಾಡಿ ನಿಲ್ಲಿಸುವ ಕೆಲಸ ಅಜ್ಜಿಯದು.